ದೀಪ ಹಿಡಿಯುವ ಮುಂಚಿನ ಫ್ಲೋ: ನೈಟಿಂಗೇಲ್ ಬಾಲ್ಯದ ಚಿತ್ರಪುಸ್ತಕವನ್ನು ಕೈಯಾರೆ ಮಾಡುವ ಬಗೆ

ನನ್ನ ಅಮ್ಮ ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದರು. ಪ್ರತಿ ವರ್ಷ ಮೇ 12ರಂದು ಅಲ್ಲಿ ಆಧುನಿಕ ನರ್ಸಿಂಗ್‌ಗೆ ಅಡಿಪಾಯ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಚಿತ್ರಕ್ಕೆ ಹಾರ ಹಾಕಿ, ಎಲ್ಲರೂ ಸಾಲಾಗಿ ನಿಂತು ಮೇಣದಬತ್ತಿ ಹಚ್ಚಿ ಪ್ರತಿಜ್ಞೆ ಹೇಳುತ್ತಿದ್ದರು. ಆ ಚಿತ್ರದಲ್ಲಿ ಕೈಯಲ್ಲಿ ದೀಪ, ತಲೆಗೆ ಬಿಳಿ ಟೋಪಿ, ಮುಖದಲ್ಲಿ ಒಂದು ಶಾಂತ ನೋಟ. ಅವರಿಗೂ ಒಂದು ಬಾಲ್ಯವಿತ್ತು ಎಂದು ನನಗೆ ಯಾರೂ ಹೇಳಿರಲಿಲ್ಲ.

ಬಹಳ ವರ್ಷಗಳ ನಂತರ ನಮ್ಮ ಊರಿನ ಗ್ರಂಥಾಲಯಕ್ಕೆ ಬರುವ ಮಕ್ಕಳಿಗಾಗಿ ನೈಟಿಂಗೇಲ್ ಬಾಲ್ಯದ ಬಗ್ಗೆ ಒಂದು ಚಿತ್ರಪುಸ್ತಕ ಮಾಡಿದೆ. ಪ್ರತಿ ಪುಟದ ಮೂಲೆಯಲ್ಲೂ ಒಂದು ಪುಟ್ಟ ದೀಪ ಬರೆದಿದ್ದೆ. ಪ್ರತಿ ಪುಟದಲ್ಲೂ ಹುಡುಗಿ ಯಾರಿಗೋ ಏನೋ ಒಳ್ಳೆಯದು ಮಾಡುತ್ತಿದ್ದಳು. ಓದಿ ಮುಗಿಸಿದಾಗ ಎರಡನೆಯ ತರಗತಿಯ ಒಬ್ಬಳು ಕೇಳಿದಳು: "ಇವಳು ಅಕ್ಕನ ಜೊತೆ ಒಂದು ಸಲವೂ ಜಗಳ ಆಡಲಿಲ್ಲವಾ?" ಆ ರಾತ್ರಿಯೇ ಹೊಲಿಗೆ ಬಿಚ್ಚಿ, ಪುಟಗಳನ್ನು ಬೇರೆ ಮಾಡಿ, ಮೊದಲಿನಿಂದ ಆರಂಭಿಸಿದೆ. ಆ ಎರಡನೆಯ ಪುಸ್ತಕ ಮಾಡಿದ ಬಗೆಯನ್ನು ಇಲ್ಲಿ ಹೇಳುತ್ತಿದ್ದೇನೆ. ಆರರಿಂದ ಒಂಬತ್ತು ವರ್ಷದ ಮಕ್ಕಳಿಗೆ, ಮನೆಯಲ್ಲೇ ಸಿಗುವ ಸಾಮಗ್ರಿಯಲ್ಲಿ, ಎರಡು ಮೂರು ವಾರಾಂತ್ಯಗಳಲ್ಲಿ ಇದನ್ನು ಮಾಡಬಹುದು. ತಾಯಿ ತಂದೆಯರಿಗೂ ಶಿಕ್ಷಕರಿಗೂ ಇದು ಒದಗೀತು.

ಮೊದಲು, ಬಾಲ್ಯ ಎಲ್ಲಿ ಮುಗಿಯುತ್ತದೆ ಎಂದು ಗೆರೆ ಎಳೆಯಿರಿ

ಬಾಲ್ಯದ ಪುಸ್ತಕ ಎಂದು ಶುರುಮಾಡಿದವರು ನಾಲ್ಕನೆಯ ಪುಟಕ್ಕೆಲ್ಲ ಯುದ್ಧಭೂಮಿ ತಲುಪಿಬಿಡುತ್ತಾರೆ. ರಷ್ಯಾದ ವಿರುದ್ಧ ಬ್ರಿಟನ್ ಮತ್ತು ಅದರ ಮಿತ್ರರು ಹೋರಾಡಿದ ಕ್ರಿಮಿಯಾ ಯುದ್ಧಕ್ಕೆ 38 ದಾದಿಯರೊಂದಿಗೆ ಹೊರಟು ನೈಟಿಂಗೇಲ್ ಲಂಡನ್ ಬಿಟ್ಟದ್ದು 1854ರ ಅಕ್ಟೋಬರ್ 21ರಂದು. ಆಗ ಅವರಿಗೆ 34 ವರ್ಷ. ಅದು ಬೇರೆಯೇ ಪುಸ್ತಕ.

ನಾನು ಎಳೆದ ಗೆರೆ 1837. ಆ ವರ್ಷದ ಜನವರಿಯಲ್ಲಿ ಅವರ ಮನೆಯಲ್ಲಿ ಇನ್‌ಫ್ಲುಯೆಂಜಾ ಜ್ವರ ಹಬ್ಬಿ ಮನೆಮಂದಿ ಮಲಗಿದಾಗ, ಕಾಯಿಲೆ ತಗಲದೆ ಉಳಿದು ಎಲ್ಲರನ್ನೂ ನೋಡಿಕೊಂಡ ಕೆಲವರಲ್ಲಿ ಈ ಹುಡುಗಿಯೂ ಒಬ್ಬಳು. ಫೆಬ್ರವರಿ 7ರಂದು ದೇವರು ತನ್ನನ್ನು ಸೇವೆಗೆ ಕರೆದನೆಂದು ಆಕೆ ಬರೆದುಕೊಂಡಳು. ವಯಸ್ಸು 16. ಅಲ್ಲಿಗೆ ನಿಲ್ಲಿಸಬೇಕು. ದೊಡ್ಡವರಾದ ನೈಟಿಂಗೇಲ್ ಕೊನೆಯ ಒಂದು ಜೋಡಿಪುಟದಲ್ಲಿ ಕಾಣಿಸಿಕೊಂಡರೆ ಸಾಕು.

ಬರೆದಿಟ್ಟದ್ದು, ಹೇಳಿಕೊಂಡು ಬಂದದ್ದು, ನಾವು ಊಹಿಸಿದ್ದು

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಹೆಜ್ಜೆ ಇದು. ಪ್ರಸಿದ್ಧರ ಬಾಲ್ಯದ ಸುತ್ತ ಕಥೆಗಳು ತಾವಾಗಿ ಬೆಳೆಯುತ್ತವೆ. ಮಕ್ಕಳಿಗೆ ತಾನೇ ಎಂದು ಎಲ್ಲವನ್ನೂ ಒಂದೇ ಧ್ವನಿಯಲ್ಲಿ ಹೇಳಿದರೆ ನಾವು ಅವರ ನಂಬಿಕೆಯನ್ನು ಸಲೀಸಾಗಿ ಬಳಸಿಕೊಂಡಂತೆ. ಒಂದು ಹಾಳೆಯಲ್ಲಿ ಮೂರು ಕಂಬಸಾಲು ಹಾಕಿ, ಸಿಕ್ಕಿದ ಪ್ರತಿ ಸಂಗತಿಯನ್ನೂ ಮೂರರಲ್ಲಿ ಒಂದಕ್ಕೆ ಸೇರಿಸಿ.

ಮೊದಲ ಸಾಲಿಗೆ ಧಾರಾಳವಾಗಿ ಸಿಗುತ್ತದೆ. ಹುಟ್ಟಿದ್ದು 1820ರ ಮೇ 12, ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ತಂದೆ ತಾಯಿ ಊರಿನ ಹೆಸರನ್ನೇ ಮಗಳಿಗೆ ಇಟ್ಟರು. ಅಕ್ಕ 1819ರಲ್ಲಿ ಹುಟ್ಟಿದ್ದು ನೇಪಲ್ಸ್‌ನಲ್ಲಿ. ನೇಪಲ್ಸ್‌ನ ಹಳೆಯ ಗ್ರೀಕ್ ಹೆಸರು ಪಾರ್ಥೆನೋಪ್, ಅದೇ ಅಕ್ಕನ ಹೆಸರಾಯಿತು. ಊರಿನ ಹೆಸರು ಹೊತ್ತ ಇಬ್ಬರು ಮಕ್ಕಳು! ಚಿತ್ರಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಆರಂಭ ಯಾರೂ ಹೊಸದಾಗಿ ಕಟ್ಟಬೇಕಿಲ್ಲ. 1821ರಲ್ಲಿ ಕುಟುಂಬ ಇಂಗ್ಲೆಂಡಿಗೆ ಮರಳಿತು. ಡರ್ಬಿಶೈರ್‌ನ ಲೀ ಹರ್ಸ್ಟ್ ಬೇಸಿಗೆಯ ಮನೆ. 1825ರಲ್ಲಿ ತಂದೆ ಹ್ಯಾಂಪ್‌ಶೈರ್‌ನ ಎಂಬ್ಲಿ ಪಾರ್ಕ್ ಕೊಂಡರು, ವರ್ಷದ ಉಳಿದ ಕಾಲದ ಹೆಚ್ಚಿನ ಭಾಗ ಅಲ್ಲಿ. ಹುಡುಗಿಯರನ್ನು ಕಾಲೇಜಿಗೆ ಸೇರಿಸಿಕೊಳ್ಳದ ಕಾಲದಲ್ಲಿ ತಂದೆ ವಿಲಿಯಂ ಇಬ್ಬರಿಗೂ ಮನೆಯಲ್ಲೇ ಲ್ಯಾಟಿನ್, ಗ್ರೀಕ್, ಇಟಾಲಿಯನ್, ಫ್ರೆಂಚ್, ಜರ್ಮನ್, ಚರಿತ್ರೆ, ತತ್ತ್ವಶಾಸ್ತ್ರ ಕಲಿಸಿದರು. ಮನೆಯವರು 'ಫ್ಲೋ' ಎಂದು ಕರೆಯುತ್ತಿದ್ದ ಈ ಹುಡುಗಿ ಪುಟ್ಟವಳಿದ್ದಾಗಲೇ ತನ್ನ ಆತ್ಮಕಥೆಯನ್ನು ಫ್ರೆಂಚ್ ಭಾಷೆಯಲ್ಲಿ ಬರೆಯತೊಡಗಿದ್ದಳು. ಅದರಲ್ಲಿ ತನ್ನ ಮನೆತನದ ಹೆಸರನ್ನೂ ಫ್ರೆಂಚಿಗೆ ತಿರುಗಿಸಿ 'ಫ್ಲಾರೆನ್ಸ್ ರೊಸಿನ್ಯೋಲ್' ಎಂದು ಬರೆದುಕೊಂಡಳು. ರೊಸಿನ್ಯೋಲ್ ಎಂದರೆ ನೈಟಿಂಗೇಲ್ ಹಕ್ಕಿ.

ಎರಡನೆಯ ಸಾಲಿಗೆ ಬೊಂಬೆಯ ಕಥೆ ಸೇರುತ್ತದೆ: ಅಕ್ಕ ಬೊಂಬೆಗಳನ್ನು ಹರಿಯುತ್ತಿದ್ದಳು, ತಂಗಿ ಹೊಲಿದು ಸರಿಮಾಡುತ್ತಿದ್ದಳು ಎಂಬುದು. 1918ರಲ್ಲಿ ಬಂದ ಪ್ರಸಿದ್ಧ ಜೀವನಚಿತ್ರಣವೊಂದು ಅದನ್ನು ಇನ್ನಷ್ಟು ಹರಡಿತು. ಕುರಿಗಾಹಿಯ ನಾಯಿ ಕ್ಯಾಪ್‌ನ ಕಥೆಯೂ ಇಲ್ಲಿಯದೇ. ಘಟನೆ ನಡೆದಿರುವ ಸಂಭವ ಬಲವಾಗಿದ್ದರೂ ಹೇಳುತ್ತ ಹೇಳುತ್ತ ಅದಕ್ಕೆ ಬಣ್ಣ ಏರಿದೆ. ಬಹುಪಾಲು ಚಿತ್ರಗಳು ಅಲ್ಲಿ ಆರೇಳು ವರ್ಷದ ಮಗುವನ್ನು ತೋರಿಸುತ್ತವೆ. ವಾಸ್ತವದಲ್ಲಿ ಆಗ ಆಕೆ ಹದಿಹರೆಯದವಳು. ನೀವು ಎತ್ತರದ ಹುಡುಗಿಯನ್ನೇ ಬರೆಯಿರಿ.

ಮೂರನೆಯ ಸಾಲು ನಮ್ಮದು: ಅಂದು ಮಳೆ ಬರುತ್ತಿತ್ತೇ, ಹುಡುಗಿ ಏನೆಂದಳು, ಬೊಂಬೆಯ ಲಂಗದ ಬಣ್ಣವೇನು. ಚಿತ್ರಪುಸ್ತಕದಲ್ಲಿ ಊಹೆಗೆ ಜಾಗ ಬೇಕೇಬೇಕು. ಅದನ್ನು ಮುಚ್ಚಿಡಬಾರದು, ಅಷ್ಟೇ. ಇದಕ್ಕೆ ನಾನು ಕಂಡುಕೊಂಡ ಉಪಾಯ ಎಲೆ. ಪ್ರತಿ ಜೋಡಿಪುಟದ ಕೆಳಗೆ ಒಂದು ಚಿಕ್ಕ ಎಲೆ ಬರೆಯಿರಿ. ಹಸಿರೆಲೆ ಎಂದರೆ ಬರೆದಿಟ್ಟದ್ದು, ಹಳದಿ ಎಂದರೆ ಹೇಳಿಕೊಂಡು ಬಂದದ್ದು, ಬಣ್ಣ ತುಂಬದ ಖಾಲಿ ಎಲೆ ಎಂದರೆ ಪುಸ್ತಕ ಮಾಡಿದವರ ಊಹೆ. ಕೊನೆಯ ಪುಟದಲ್ಲಿ ಇದರ ಅರ್ಥ ಹೇಳಿ. ನಮ್ಮ ಗ್ರಂಥಾಲಯದ ಮಕ್ಕಳು ಮೂರನೆಯ ಓದಿಗೆಲ್ಲ ಎಲೆ ನೋಡಿಯೇ "ಇದು ಯಾರು ಹೇಳಿದ್ದು?" ಎಂದು ಕೇಳಲು ಶುರುಮಾಡಿದರು. ಆ ಪ್ರಶ್ನೆ ಕಿವಿಗೆ ಬಿದ್ದಾಗ ನನಗಾದ ಸಂತೋಷ ದೊಡ್ಡದು.

ಬೊಂಬೆಯ ವಿಷಯದಲ್ಲಿ ಇನ್ನೊಂದು ಮಾತು. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1805ರಲ್ಲಿ ಹುಟ್ಟಿದ ಮೇರಿ ಸೀಕೋಲ್ ಕೂಡ ಕ್ರಿಮಿಯಾ ಯುದ್ಧದಲ್ಲಿ ಗಾಯಾಳುಗಳ ಆರೈಕೆ ಮಾಡಿದವರು. ಅವರ ತಾಯಿ ನಾಟಿ ಔಷಧಿ ಬಲ್ಲವರು. ತಾಯಿಯನ್ನು ನೋಡಿ ಕಲಿತದ್ದನ್ನು ಪುಟ್ಟ ಮೇರಿ ಮೊದಲು ಪ್ರಯೋಗಿಸಿದ್ದು ತನ್ನ ಬೊಂಬೆಯ ಮೇಲೆ. ಊರಿನಲ್ಲಿ ಯಾವ ಕಾಯಿಲೆ ಹರಡಿದರೂ ಆ ಬಡ ಬೊಂಬೆಗೂ ಅದು ಬರುತ್ತಿತ್ತು. ನಂತರ ನಾಯಿ, ಬೆಕ್ಕುಗಳ ಸರದಿ. ಇದನ್ನು ಸ್ವತಃ ಸೀಕೋಲ್ ಅವರೇ 1857ರಲ್ಲಿ ಪ್ರಕಟವಾದ ಆತ್ಮಕಥೆಯಲ್ಲಿ ಬರೆದಿದ್ದಾರೆ. ಅಂದರೆ ಇವರ ಬೊಂಬೆಗೆ ಹಸಿರೆಲೆ, ನೈಟಿಂಗೇಲ್ ಅವರ ಬೊಂಬೆಗೆ ಹಳದಿ ಎಲೆ. ನಿಮಗೆ ಉತ್ಸಾಹವಿದ್ದರೆ ಇದೇ ಅಳತೆಯಲ್ಲಿ ಮೇರಿಯ ಪುಸ್ತಕವನ್ನೂ ಮಾಡಿ, ಎರಡನ್ನೂ ಒಟ್ಟಿಗೆ ಇಡಿ.

ಒಳ್ಳೆಯ ಹುಡುಗಿಯನ್ನು ಬಿಟ್ಟು, ನಿಜವಾದ ಹುಡುಗಿಯನ್ನು ಹುಡುಕಿ

ಪಟ್ಟಿ ಸಿದ್ಧವಾದ ಮೇಲೆ ಅದರಲ್ಲಿ ಮಗುವಿನ ಕಣ್ಣಿಗೆ ಮಗುವಾಗಿ ಕಾಣುವ ಸಂಗತಿಗಳಿಗೆ ಗುರುತು ಹಾಕಿ. ನನಗೆ ಸಿಕ್ಕಿದ ಅತಿ ಬೆಲೆಯುಳ್ಳ ಸಂಗತಿ ಹೆದರಿಕೆಯದು. ದೊಡ್ಡವರಾದ ಮೇಲೆ ನೈಟಿಂಗೇಲ್ ತಮ್ಮ ಬಾಲ್ಯವನ್ನು ನೆನೆದು ಬರೆದುಕೊಂಡಿದ್ದಾರೆ: ತಾನು ಬೇರೆಯವರಂತೆ ಇಲ್ಲ, ತಾನೊಂದು ವಿಕಾರ ಜೀವಿ, ಯಾವ ಗಳಿಗೆಯಲ್ಲಾದರೂ ಅದು ಎಲ್ಲರಿಗೂ ತಿಳಿದುಬಿಡುತ್ತದೆ ಎಂಬ ಭಯ. ಅಪರಿಚಿತರ ನಡುವೆ ಹೋಗಲು ಹೆದರಿಕೆ. ಊಟದ ಮೇಜಿನಲ್ಲಿ ಚಾಕು, ಮುಳ್ಳುಚಮಚ ಹಿಡಿಯುವಾಗ ಏನು ತಪ್ಪಾಗುವುದೋ ಎಂಬ ಅಳುಕು.

ಮನೆಗೆ ನೆಂಟರು ಬಂದರೆ ಅಡುಗೆಮನೆಯ ಬಾಗಿಲ ಹಿಂದೆ ನಿಲ್ಲುವ ಮಕ್ಕಳು ನಮ್ಮಲ್ಲಿ ಎಷ್ಟಿಲ್ಲ? ಆ ಪುಟವನ್ನು ಓದುವಾಗ ಮಕ್ಕಳು ತುಂಬ ಮೌನವಾಗುತ್ತಾರೆ. ಒಬ್ಬ ಹುಡುಗ ಪ್ರತಿ ಸಲವೂ ಅದೇ ಪುಟ ಓದಿ ಎಂದು ಕೇಳುತ್ತಾನೆ. ಕೈ ನಡುಗುವ ಆ ಹುಡುಗಿಯನ್ನು ಬಿಟ್ಟು ಬರೀ ದಯಾಮಯಿ ಹುಡುಗಿಯನ್ನು ತೋರಿಸಿದ್ದರೆ ಅವನಿಗೆ ಈ ಪುಸ್ತಕದಲ್ಲಿ ಜಾಗವೇ ಇರುತ್ತಿರಲಿಲ್ಲ.

ಹೀಗೆಯೇ ಕಪ್ಪೆಚಿಪ್ಪು, ಶಂಖಗಳನ್ನು ಕೂಡಿಡುವ ಹುಚ್ಚು. ಹೀಗೆಯೇ 1831ರಲ್ಲಿ ಹುಟ್ಟಿದ ಸೋದರ ಸಂಬಂಧಿ ಶೋರ್ ಎಂಬ ಕೂಸು. ಹನ್ನೊಂದು ವರ್ಷದ ಫ್ಲೋ ಅವನನ್ನು ತನ್ನವನೆಂದೇ ತಿಳಿದಿದ್ದಳು. ಅಕ್ಕತಂಗಿಯರ ಕಿರಿಕಿರಿಯೂ ಇರಲಿ. ಅಕ್ಕನಿಗೆ ಚಿತ್ರ ಬರೆಯುವುದರಲ್ಲಿ ಒಲವು, ತಂಗಿಗೆ ತಂದೆಯ ಪಾಠಗಳಲ್ಲಿ.

ಸಿರಿತನವನ್ನು ಮರೆಮಾಚಬೇಡಿ. ಇದು ಶ್ರೀಮಂತ ಮನೆ. ತಂದೆಗೆ ಆಸ್ತಿ ಬಂದದ್ದು ಪೀಟರ್ ನೈಟಿಂಗೇಲ್ ಎಂಬ ಬಂಧುವಿನಿಂದ, ಅದರ ಹಿಂದೆ ಡರ್ಬಿಶೈರ್‌ನ ಸೀಸದ ಉದ್ಯಮವಿತ್ತು. ಕೆಲಸದವರು ಅನೇಕರು. ಬೆಂಕಿಗೂಡಿನ ಪಕ್ಕ ಓದುತ್ತ ಕುಳಿತ ಹುಡುಗಿಯನ್ನು ಬರೆಯುವಾಗ ಆ ಬೆಂಕಿಗೆ ಕಲ್ಲಿದ್ದಲು ಹಾಕುತ್ತಿರುವ ಇನ್ನೊಬ್ಬ ಹುಡುಗಿಯನ್ನೂ ಬರೆಯಿರಿ. ಪದಗಳಲ್ಲಿ ಏನೂ ಹೇಳಬೇಕಾಗಿಲ್ಲ, ಮಕ್ಕಳು ನೋಡುತ್ತಾರೆ.

ಇಪ್ಪತ್ತನಾಲ್ಕು ಪುಟಗಳ ನಕ್ಷೆ

ಎ4 ಅಳತೆಯ ಆರು ಹಾಳೆಗಳನ್ನು ಒಟ್ಟಿಗೆ ಅಡ್ಡಕ್ಕೆ ಮಡಿಚಿದರೆ 24 ಪುಟ. ಮೊದಲು ರದ್ದಿ ಹಾಳೆಯಲ್ಲೇ ಒಂದು ಕರಡು ಪುಸ್ತಕ ಮಡಿಚಿಕೊಳ್ಳಿ. ಮಡಿಚಿದ ಕೂಡಲೇ ಪೆನ್ಸಿಲ್‌ನಲ್ಲಿ ಎಲ್ಲ ಪುಟಗಳಿಗೂ ಅಂಕಿ ಹಾಕಿ. ಹಾಳೆ ಬಿಡಿಸಿದರೆ 2ನೇ ಪುಟದ ಪಕ್ಕದಲ್ಲಿ 3 ಇರುವುದಿಲ್ಲ, 23 ಇರುತ್ತದೆ! ಅಂಕಿ ಹಾಕದೆ ಚಿತ್ರ ಬರೆದರೆ ಕಥೆ ಚೆಲ್ಲಾಪಿಲ್ಲಿಯಾಗುತ್ತದೆ. ಎರಡು ಬದಿಯ ಚಿತ್ರ ಒಂದೇ ಹಾಳೆಯ ಮೇಲೆ, ನಡುವೆ ಬಿರುಕಿಲ್ಲದೆ ಬರುವುದು ಸರಿಮಧ್ಯದ 12–13ರಲ್ಲಿ ಮಾತ್ರ. ದೊಡ್ಡದಾಗಿ, ತುಂಬಾ ಮುಖಗಳಿರುವ ಚಿತ್ರವನ್ನು ಅಲ್ಲಿಗೆ ಇಟ್ಟುಕೊಳ್ಳಿ. ಉಳಿದ ಕಡೆ ಮಡಿಕೆಯ ಮೇಲೆ ಮುಖ ಬರದಂತೆ ನೋಡಿ.

ನನ್ನ ನಕ್ಷೆ ಹೀಗಿತ್ತು. 1ನೇ ಪುಟ ಹೆಸರು. 2–3 ಎರಡು ಊರು, ಇಬ್ಬರು ಮಕ್ಕಳು. 4–5 ಎರಡು ಮನೆ, ನಡುವೆ ಕುದುರೆಗಾಡಿಯ ದಾರಿ. 6–7 ಬೊಂಬೆ. 8–9 ಅಪ್ಪನ ಪಾಠ, ಫ್ರೆಂಚ್ ಹೆಸರು. 10–11 ಊಟದ ಮೇಜು, ಹೆದರಿಕೆ. 12–13 ಕೂಸು ಶೋರ್ ಸುತ್ತ ಇಡೀ ಬಳಗ. 14ರಿಂದ 21ರವರೆಗೆ ನಾಯಿ ಕ್ಯಾಪ್. 22–23 ದೊಡ್ಡವರಾದ ಫ್ಲಾರೆನ್ಸ್. 24ರಲ್ಲಿ ಎಲೆಗಳ ಅರ್ಥ.

ಕ್ಯಾಪ್‌ಗೆ ಎಂಟು ಪುಟ ಕೊಟ್ಟದ್ದೇಕೆಂದರೆ ಅದೊಂದೇ ಇಲ್ಲಿ ಹಿಗ್ಗಿಸಿ ಹೇಳಬೇಕಾದ ಕಥೆ. ಎಂಬ್ಲಿ ಬಳಿಯ ಹುಲ್ಲುಗಾವಲಲ್ಲಿ ರೋಜರ್ ಎಂಬ ಕುರಿಗಾಹಿ ನಾಯಿಯಿಲ್ಲದೆ ಕುರಿಗಳನ್ನು ಕೂಡಿಸಲು ಒದ್ದಾಡುತ್ತಿದ್ದ. ಪುಂಡ ಹುಡುಗರು ಕಲ್ಲೆಸೆದು ಕ್ಯಾಪ್‌ನ ಕಾಲಿಗೆ ಪೆಟ್ಟು ಮಾಡಿದ್ದರು. ಕಾಲು ಮುರಿದಿದೆ ಎಂದುಕೊಂಡ ರೋಜರ್ ನಾಯಿಯನ್ನು ನೇಣು ಹಾಕಿ ಮುಗಿಸುವ ನಿರ್ಧಾರಕ್ಕೆ ಬಂದಿದ್ದ. ಫ್ಲಾರೆನ್ಸ್ ಜೊತೆಯಲ್ಲಿದ್ದ ಪಾದ್ರಿ ಪರೀಕ್ಷಿಸಿ, ಮೂಳೆ ಮುರಿದಿಲ್ಲ, ಬಲವಾದ ಪೆಟ್ಟು ಅಷ್ಟೇ ಎಂದರು. ಫ್ಲಾರೆನ್ಸ್ ಬಿಸಿನೀರಲ್ಲಿ ಬಟ್ಟೆ ಅದ್ದಿ ಶಾಖ ಕೊಟ್ಟಳು. ಕ್ಯಾಪ್ ಮತ್ತೆ ಕುರಿಗಳ ಹಿಂದೆ ಓಡಿತು.

ನಮ್ಮ ಲಿಪಿಯಲ್ಲಿ ಕಣ್ಣು ಎಡದಿಂದ ಬಲಕ್ಕೆ ಸಾಗುವುದರಿಂದ ಮಗುವಿನ ಉಸಿರು ನಿಲ್ಲುವುದು ಬಲಪುಟದ ಕೊನೆಯಲ್ಲಿ. 15ನೇ ಪುಟದ ಕೊನೆಯ ಸಾಲು "ಕ್ಯಾಪ್ ಎಲ್ಲಿ?" ಎಂದಿರಲಿ. ಪುಟ ತಿರುಗಿಸಿದರೆ ಗುಡಿಸಲು, ಮೂಲೆಯಲ್ಲಿ ನಾಯಿ. 17ರ ಕೊನೆಯಲ್ಲಿ ರೋಜರ್ ಕೈಯ ಹಗ್ಗ. ಹಗ್ಗವನ್ನು ತೋರಿಸಬೇಕೇ ಎಂದು ಹಲವರು ಕೇಳಿದ್ದಾರೆ. ತೋರಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಕೆಲಸಕ್ಕೆ ಬಾರದ ನಾಯಿಗೆ ಅನ್ನ ಹಾಕುವಷ್ಟು ಅನುಕೂಲ ಆ ಕುರಿಗಾಹಿಗೆ ಇರಲಿಲ್ಲ. ಹಗ್ಗ ತೆಗೆದುಬಿಟ್ಟರೆ ಅವನ ಬಡತನವೂ ಪುಸ್ತಕದಿಂದ ಹೋಗುತ್ತದೆ, ಬಿಸಿಬಟ್ಟೆಯ ಬೆಲೆಯೂ ಹೋಗುತ್ತದೆ. ಆದರೆ ಅವನನ್ನು ಕ್ರೂರಿಯಂತೆ ಬರೆಯಬೇಡಿ. ಹಗ್ಗ ಹಿಡಿದ ಕೈ ಇಳಿಬಿದ್ದಿರಲಿ, ಮುಖ ನಾಯಿಯ ಕಡೆಗಿರದೆ ಕಿಟಕಿಯ ಕಡೆಗಿರಲಿ.

ಪದಗಳು: 'ಅವಳು' ಮತ್ತು 'ಅವರು'

ಇಡೀ ಪುಸ್ತಕಕ್ಕೆ 250ರಿಂದ 300 ಪದ ಸಾಕು. ಒಂದು ಜೋಡಿಪುಟಕ್ಕೆ ಇಪ್ಪತ್ತೈದರಷ್ಟು. ಚಿತ್ರ ಹೇಳುವುದನ್ನು ಪದ ಮತ್ತೆ ಹೇಳಬಾರದು.

ನಮ್ಮ ಪಾಠಪುಸ್ತಕಗಳಲ್ಲಿ ಮಹನೀಯರು ತೊಟ್ಟಿಲಲ್ಲೇ 'ಅವರು' ಆಗಿಬಿಡುತ್ತಾರೆ. "ಫ್ಲಾರೆನ್ಸ್ ಅವರು ಬೊಂಬೆಯೊಂದಿಗೆ ಆಡುತ್ತಿದ್ದರು" ಎಂದು ಓದಿದ ಮಗು ಆ ಬೊಂಬೆಯ ಹತ್ತಿರಕ್ಕೂ ಹೋಗುವುದಿಲ್ಲ. ಬಾಲ್ಯದ ಪುಟಗಳಲ್ಲಿ ಧೈರ್ಯವಾಗಿ 'ಅವಳು' ಎನ್ನಿ. 22ನೇ ಪುಟದಲ್ಲಿ, ದೊಡ್ಡವರಾದ ಮೇಲೆ, 'ಅವರು' ಎಂದು ಬದಲಾಯಿಸಿ. ಕನ್ನಡ ಕೊಟ್ಟಿರುವ ಈ ಒಂದು ಪ್ರತ್ಯಯದಲ್ಲಿ ಹುಡುಗಿ ಬೆಳೆದದ್ದು ಮಗುವಿಗೆ ಕೇಳಿಸುತ್ತದೆ. ರೋಜರ್ ಜೊತೆಗಿನ ಮಾತಿನಲ್ಲಿ ನನಗೆ ಸ್ವಲ್ಪ ಯೋಚನೆಯಾಯಿತು. ಜಮೀನುದಾರರ ಮಗಳು ಕುರಿಗಾಹಿಯನ್ನು ಹೆಸರಿಡಿದು ಕರೆಯುವುದು ಅಲ್ಲಿನ ರೂಢಿ. ನಮ್ಮ ಮಕ್ಕಳ ಕಿವಿಗೆ ಅದು ಒರಟಾಗಿ ಕೇಳಿಸಬಹುದು. 'ರೋಜರ್ ತಾತ' ಎಂದು ಮಾಡಿದರೆ ಇಂಗ್ಲೆಂಡಿನ ಹಳ್ಳಿ ನಮ್ಮದಾಗಿಬಿಡುತ್ತದೆ. ಹೆಸರನ್ನು ಹಾಗೆಯೇ ಇಟ್ಟು, ಸರ್ವನಾಮದಲ್ಲಿ ಬಹುವಚನ ಹಾಕಿದೆ: "ರೋಜರ್, ನಿಮ್ಮ ಕ್ಯಾಪ್ ಎಲ್ಲಿ?" ಅವನ ಉತ್ತರ: "ಇನ್ನು ಅವನನ್ನು ಸಾಕಲು ನನ್ನಿಂದ ಆಗದು, ಅಮ್ಮಾ."

ಹೆಸರುಗಳ ಒತ್ತಕ್ಷರ ಹೊಸದಾಗಿ ಓದುವವರಿಗೆ ಕಷ್ಟ. 'ಫ್ಲಾರೆನ್ಸ್ ನೈಟಿಂಗೇಲ್' ಹೊದಿಕೆಯ ಮೇಲೆ, ಮೊದಲ ಪುಟದಲ್ಲಿ ಮತ್ತು ಕೊನೆಯಲ್ಲಿ ಇರಲಿ. ಒಳಗೆಲ್ಲ 'ಫ್ಲೋ' ಸಾಕು, ಮನೆಯಲ್ಲಿ ಹಾಗೆಯೇ ಕರೆಯುತ್ತಿದ್ದರು. ನೈಟಿಂಗೇಲ್ ಹಕ್ಕಿಯನ್ನು ಕೋಗಿಲೆ ಎಂದು ಅನುವಾದಿಸುವ ಅಭ್ಯಾಸ ನಮ್ಮಲ್ಲಿದೆ, ಸರೋಜಿನಿ ನಾಯ್ಡು ಅವರ ಬಿರುದು ಹಾಗೆಯೇ 'ಭಾರತದ ಕೋಗಿಲೆ' ಆಯಿತು. ಚಿತ್ರಪುಸ್ತಕದಲ್ಲಿ ಅದು ನಡೆಯದು. ಚಿತ್ರದಲ್ಲಿ ಕಪ್ಪು ಕೋಗಿಲೆ ಬಂದುಬಿಟ್ಟರೆ ತಪ್ಪಾಗುತ್ತದೆ. ಇದು ರಾತ್ರಿಯಲ್ಲೂ ಹಾಡುವ, ಗುಬ್ಬಚ್ಚಿಗಿಂತ ತುಸು ದೊಡ್ಡದಾದ, ಕಂದು ಬಣ್ಣದ ಹಕ್ಕಿ. 8–9ನೇ ಪುಟಕ್ಕೆ ನಾನು ಬರೆದದ್ದು ಇಷ್ಟು:

ಅಪ್ಪ ಹೊಸ ಹೊಸ ಭಾಷೆ ಕಲಿಸಿದರು.
ಫ್ಲೋ ತನ್ನ ಕಥೆಯನ್ನು ಫ್ರೆಂಚಿನಲ್ಲಿ ಬರೆದಳು.
ತನ್ನ ಹೆಸರನ್ನೂ ಫ್ರೆಂಚಿಗೆ ತಿರುಗಿಸಿದಳು.
ನೈಟಿಂಗೇಲ್ ಎಂಬುದು ರೊಸಿನ್ಯೋಲ್ ಆಯಿತು.
ಹಕ್ಕಿ ಮಾತ್ರ ಅದೇ ಹಕ್ಕಿ.

ಬರೆದದ್ದನ್ನು ಗಟ್ಟಿಯಾಗಿ ಓದಿ. ಎಲ್ಲಿ ನಾಲಿಗೆ ತೊಡರುತ್ತದೋ ಅಲ್ಲಿ ಪದ ಬದಲಿಸಿ. "ಬಾಲ್ಯದಿಂದಲೇ ಸೇವಾ ಮನೋಭಾವವನ್ನು ಮೈಗೂಡಿಸಿಕೊಂಡಿದ್ದಳು" ಎಂಬಂಥ ವಾಕ್ಯ ನುಸುಳಿದ್ದರೆ ಅಳಿಸಿ, ಆ ಜಾಗದಲ್ಲಿ ಅವಳು ಏನು ಮಾಡಿದಳು ಎಂದು ಬರೆಯಿರಿ. ಕೈಬರಹವಾದರೆ ಸಾಲುಗಳ ನಡುವೆ ಹೆಚ್ಚು ಅಂತರ ಬಿಡಿ. ಒತ್ತುಗಳು ಕೆಳಗಿಳಿದು, ಗುಡಿಸುಗಳು ಮೇಲೇರಿ ಒಂದಕ್ಕೊಂದು ತಾಗಿದರೆ ಓದಲಾಗದು. ಕಂಪ್ಯೂಟರಿನಲ್ಲಾದರೆ ಅಕ್ಷರ 20 ಪಾಯಿಂಟ್‌ಗಿಂತ ಸಣ್ಣದು ಬೇಡ.

ಚಿತ್ರ ಬರೆಯುವಾಗ ಕಾಲವನ್ನು ಗಮನಿಸಿ

ಚಿತ್ರಕಲೆ ಬರುವುದಿಲ್ಲ ಎಂದು ಹಿಂಜರಿಯಬೇಡಿ. ಬಣ್ಣದ ಕಾಗದ, ಬಟ್ಟೆಯ ಚೂರು ಕತ್ತರಿಸಿ ಅಂಟಿಸಿದರೂ ಸುಂದರವಾಗುತ್ತದೆ. ಕುರಿಗಳಿಗೆ ಹತ್ತಿ ಅಂಟಿಸಿದ್ದು ನಮ್ಮ ಮಕ್ಕಳೇ. ಆದರೆ ಏನಿತ್ತು, ಏನಿರಲಿಲ್ಲ ಎಂಬುದರಲ್ಲಿ ಎಚ್ಚರವಿರಲಿ.

ಛಾಯಾಚಿತ್ರ ಕಲೆ ಜಗತ್ತಿಗೆ ಪ್ರಕಟವಾದದ್ದೇ 1839ರಲ್ಲಿ. ಆದ್ದರಿಂದ ಫ್ಲೋ ಮಗುವಾಗಿದ್ದಾಗಿನ ಫೋಟೊ ಎಂಬುದು ಇಲ್ಲವೇ ಇಲ್ಲ. ಅಂತರ್ಜಾಲದಲ್ಲಿ ಹಾಗೆಂದು ಯಾವುದಾದರೂ ಸಿಕ್ಕಿದರೆ ನಂಬಬೇಡಿ. ನೆರವಿಗೆ ಬರುವುದು ವಿಲಿಯಂ ವೈಟ್ 1836ರ ಸುಮಾರಿಗೆ ಮಾಡಿದ ಜಲವರ್ಣ ಚಿತ್ರ. ಫ್ಲಾರೆನ್ಸ್ ಕುಳಿತು ಕಸೂತಿ ಹಾಕುತ್ತಿದ್ದಾಳೆ, ಅಕ್ಕ ಪುಸ್ತಕ ಹಿಡಿದು ನಿಂತಿದ್ದಾಳೆ. ಅದು ಲಂಡನ್ನಿನ ರಾಷ್ಟ್ರೀಯ ಭಾವಚಿತ್ರ ಸಂಗ್ರಹಾಲಯದಲ್ಲಿದೆ. ಉಡುಗೆ, ಕೂದಲ ವಿನ್ಯಾಸಕ್ಕೆ ಅದನ್ನು ನೋಡಿ. ಘಂಟೆಯಾಕಾರದ ಅಗಲ ಲಂಗದ ಕಾಲ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ವಿದ್ಯುತ್ ದೀಪ ಇರಲಿಲ್ಲ, ಮೇಣದಬತ್ತಿ ಮತ್ತು ಎಣ್ಣೆದೀಪ. ಬಾಲ್ಯದ ಪ್ರಯಾಣಕ್ಕೆ ರೈಲು ಬೇಡ, ಕುದುರೆಗಾಡಿ.

ಮಕ್ಕಳು ಬೊಂಬೆಯ ಪಟ್ಟಿಯ ಮೇಲೆ, ಟೋಪಿಯ ಮೇಲೆ ಕೆಂಪು ಶಿಲುಬೆ ಬರೆಯಲು ಓಡುತ್ತಾರೆ. ಆ ಲಾಂಛನ ಬಂದದ್ದು 1860ರ ದಶಕದಲ್ಲಿ, ರೆಡ್‌ಕ್ರಾಸ್ ಚಳವಳಿಯೊಂದಿಗೆ. ಕ್ರಿಮಿಯಾ ಯುದ್ಧದ ಚಿತ್ರದಲ್ಲೂ ಅದು ಇರಕೂಡದು. ಮಗು ಬರೆದೇಬಿಟ್ಟರೆ ಬೈಯಬೇಡಿ, "ಇದು ಯಾವಾಗ ಬಂತು ಗೊತ್ತಾ?" ಎಂದು ಹೇಳಿ, ಬಿಳಿ ಕಾಗದದ ಚೂರು ಅಂಟಿಸಲು ಕೊಡಿ.

ದೀಪದ ವಿಷಯ. ನಮ್ಮ ನರ್ಸಿಂಗ್ ಕಾಲೇಜುಗಳ ದೀಪ ಬೆಳಗುವ ಸಮಾರಂಭದಲ್ಲಿ, ಬ್ಯಾಡ್ಜ್‌ಗಳಲ್ಲಿ ಕಾಣುವುದು ಮೂತಿ ಮುಂದೆ ಚಾಚಿದ, ಅಲ್ಲಾವುದ್ದೀನನ ದೀಪದಂಥದ್ದು. ಕ್ರಿಮಿಯಾ ಯುದ್ಧದ ವೇಳೆ ಟರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಯಲ್ಲಿ ನೈಟಿಂಗೇಲ್ ಹಿಡಿದದ್ದು ಅಲ್ಲಿನ 'ಫಾನೂಸ್', ನೆರಿಗೆ ನೆರಿಗೆಯಾಗಿ ಮಡಿಚಿ ಇಡಬಹುದಾದ ಲಾಂದ್ರ, ಒಳಗೆ ಮೇಣದಬತ್ತಿ. 22ನೇ ಪುಟದಲ್ಲಿ ಅದನ್ನೇ ಬರೆಯಿರಿ. ಪುಸ್ತಕದಲ್ಲಿ ಅವರ ಕೈಗೆ ದೀಪ ಬರುವುದು ಅಲ್ಲಿ ಮಾತ್ರ, ಒಂದೇ ಒಂದು ಸಲ. ಒಮ್ಮೆ ನಾವು ಕಾಗದವನ್ನು ಬೀಸಣಿಗೆಯಂತೆ ಮಡಿಚಿ ಅಂಟಿಸಿದೆವು. ಪುಟ ತೆರೆದಾಗ ಲಾಂದ್ರವೂ ತೆರೆದುಕೊಂಡಿತು.

ಇನ್ನು ಯಾರ ಹೊಸ ಪುಸ್ತಕದಿಂದಲೂ ಚಿತ್ರ ನಕಲು ಮಾಡಬೇಡಿ. ನಮ್ಮ ದೇಶದ ಕಾನೂನಿನಲ್ಲಿ ಕೃತಿಸ್ವಾಮ್ಯ ಕರ್ತೃವಿನ ನಿಧನದ ನಂತರವೂ 60 ವರ್ಷ ಇರುತ್ತದೆ.

ಹೊಲಿಗೆ

ಬೇಕಾದದ್ದು: ದಬ್ಬಳ, ದಪ್ಪ ಸೂಜಿ, ಹೂಮಾಲೆಗೆ ಬಳಸುವಂಥ ಗಟ್ಟಿ ನೂಲು, ಹೊದಿಕೆಗೆ ದಪ್ಪ ಡ್ರಾಯಿಂಗ್ ಹಾಳೆ. ನೂಲಿಗೆ ಮೇಣದಬತ್ತಿ ತಿಕ್ಕಿದರೆ ಸಿಕ್ಕಾಗುವುದಿಲ್ಲ. ಹಾಳೆಗಳನ್ನು ಹೊದಿಕೆಯೊಳಗಿಟ್ಟು, ಮಧ್ಯದ ಮಡಿಕೆಯಲ್ಲಿ ದಬ್ಬಳದಿಂದ ಮೂರು ತೂತು ಮಾಡಿ: ನಡುವೆ ಒಂದು, ಮೇಲೆ ಮತ್ತು ಕೆಳಗೆ ಅಂಚಿನಿಂದ ಎರಡು ಬೆರಳು ಬಿಟ್ಟು ಒಂದೊಂದು. ಈ ಕೆಲಸ ದೊಡ್ಡವರದು. ಸೂಜಿ ಒಳಗಿನಿಂದ ನಡುತೂತಿನಲ್ಲಿ ಹೊರಗೆ ಬರಲಿ, ಮೇಲಿನ ತೂತಿನಿಂದ ಒಳಗೆ ಹೋಗಲಿ, ಒಳಗಡೆ ನಡುತೂತನ್ನು ದಾಟಿ ಕೆಳತೂತಿನಿಂದ ಹೊರಬರಲಿ, ಮತ್ತೆ ನಡುತೂತಿನಿಂದ ಒಳಗೆ. ಈಗ ನೂಲಿನ ಎರಡು ತುದಿಗಳೂ ಒಳಗಿವೆ. ಒಳಗೆ ಉದ್ದಕ್ಕೆ ಹಾದ ನೂಲು ಎರಡು ತುದಿಗಳ ನಡುವೆ ಬರುವಂತೆ ಎಳೆದು, ಅದರ ಮೇಲೆ ಗಂಟು ಹಾಕಿ.

ಅಂಟಿಗೆ ಮೈದಾ ಗಂಜಿ ಸಾಕು. ಹುಳ ಬಾರದಿರಲು ಹಿಂದೆ ಅದಕ್ಕೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಮಕ್ಕಳ ಪುಸ್ತಕಕ್ಕೆ ಬೇಡವೇ ಬೇಡ. ಆಗಾಗ ಬಿಸಿಲಿಗೆ ಇಟ್ಟರಾಯಿತು.

ಓದಿ ಹೇಳುವಾಗ

ಮೊದಲ ಓದಿನಲ್ಲಿ ಎಲೆಗಳ ಬಗ್ಗೆ ಏನೂ ಹೇಳಬೇಡಿ. ಕಥೆ ಒಳಗಿಳಿಯಲಿ. 15ನೇ ಪುಟದಲ್ಲಿ ನಿಲ್ಲಿ, ಪುಟ ತಿರುಗಿಸಲು ಮಗುವಿಗೇ ಬಿಡಿ. ಹೆದರಿಕೆಯ ಪುಟದಲ್ಲಿ "ನಿನಗೂ ಹೀಗಾಗುತ್ತದಾ?" ಎಂದು ಕೇಳುವ ಆಸೆ ಬರುತ್ತದೆ. ಕೇಳಬೇಡಿ. ಹೇಳಬೇಕೆನಿಸಿದ ಮಗು ತಾನಾಗಿ ಹೇಳುತ್ತದೆ, ಕೆಲವೊಮ್ಮೆ ಎರಡು ದಿನ ಬಿಟ್ಟು.

ಎರಡನೆಯ, ಮೂರನೆಯ ಓದಿಗೆ ಪ್ರಶ್ನೆಗಳು ಬರುತ್ತವೆ. ಒಂದಿಷ್ಟು ಉತ್ತರ ಕೈಯಲ್ಲಿರಲಿ. ಅವರು ನಮ್ಮ ದೇಶಕ್ಕೆ ಬಂದಿದ್ದರೇ? ಬರಲಿಲ್ಲ. ಆದರೆ ಭಾರತದಲ್ಲಿದ್ದ ಸೇನೆಯ ಆರೋಗ್ಯ ಕುರಿತ ರಾಜ ಆಯೋಗದ ಕೆಲಸದಿಂದ ಶುರುವಾಗಿ, ಇಲ್ಲಿನ ಕುಡಿಯುವ ನೀರು, ಚರಂಡಿ, ಬರಗಾಲದ ಬಗ್ಗೆ ದಶಕಗಳ ಕಾಲ ಬರೆದರು. ಆಯೋಗದ ವರದಿ ಬಂದದ್ದು 1863ರಲ್ಲಿ. ನರ್ಸ್‌ಗಳು ಹೇಳುವ ಪ್ರತಿಜ್ಞೆ ಅವರು ಬರೆದದ್ದೇ? ಅವರದಲ್ಲ, 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ಅವರ ಗೌರವಾರ್ಥ ರಚನೆಯಾದದ್ದು. ನನ್ನ ಅಮ್ಮನಿಗೂ ಇದು ಗೊತ್ತಿರಲಿಲ್ಲ, ಕೇಳಿ ಬಹಳ ಹೊತ್ತು ಅದನ್ನೇ ಮಾತಾಡಿದರು. ನೈಟಿಂಗೇಲ್ ಅವರ ಧ್ವನಿ ಹೇಗಿತ್ತು? ಇದಕ್ಕೆ ಉತ್ತರ ಕೇಳಿಸಿಯೇ ಬಿಡಬಹುದು. 1890ರ ಜುಲೈ 30ರಂದು ಮೇಣದ ಉರುಳೆಯ ಮೇಲೆ ಮುದ್ರಿಸಿಕೊಂಡ ಅವರ ಧ್ವನಿ ಉಳಿದಿದೆ, ಅಂತರ್ಜಾಲದಲ್ಲಿ ಸಿಗುತ್ತದೆ. ಎಪ್ಪತ್ತು ವರ್ಷದ ಅಜ್ಜಿಯ ಧ್ವನಿ. ಕರಕರ ಸದ್ದಿನ ನಡುವೆ ಅದನ್ನು ಕೇಳಿಸಿದಾಗ ಮಕ್ಕಳು ಪುಸ್ತಕದ ಮೊದಲ ಪುಟಕ್ಕೆ ಹೋಗಿ ಮತ್ತೊಮ್ಮೆ ಆ ಹುಡುಗಿಯನ್ನು ನೋಡಿದರು.

ಆ ಜಗಳದ ಪ್ರಶ್ನೆ ಕೇಳಿದ ಹುಡುಗಿಗಾಗಿ 23ನೇ ಪುಟವನ್ನು ಅಕ್ಕನಿಗೆ ಬಿಟ್ಟುಕೊಟ್ಟೆ. 1850ರಲ್ಲಿ ಫ್ಲಾರೆನ್ಸ್ ಅಥೆನ್ಸ್‌ಗೆ ಹೋಗಿದ್ದಾಗ ಪಾರ್ಥೆನಾನ್ ಗುಡಿಯ ಬಳಿ ಹುಡುಗರ ಕೈಯಿಂದ ಒಂದು ಗೂಬೆ ಮರಿಯನ್ನು ಬಿಡಿಸಿ ತಂದು, ಅಥೀನಾ ಎಂದು ಹೆಸರಿಟ್ಟು, ಜೇಬಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದರು. ಯುದ್ಧಕ್ಕೆ ಹೊರಡುವ ಗಡಿಬಿಡಿಯಲ್ಲಿ ಅದು ಸತ್ತುಹೋಯಿತು. ದೂರದ ಸ್ಕುಟಾರಿಯಲ್ಲಿದ್ದ ತಂಗಿಗಾಗಿ 1855ರಲ್ಲಿ ಪಾರ್ಥೆನೋಪ್ ಆ ಗೂಬೆಯ ಕಥೆಯನ್ನು ಬರೆದು, ತಾನೇ ಚಿತ್ರ ಹಾಕಿ, ಒಂದು ಪುಟ್ಟ ಪುಸ್ತಕ ಮಾಡಿ ಕಳುಹಿಸಿದಳು. ನಮ್ಮ ಪುಟದಲ್ಲಿ ಅಕ್ಕ ಮೇಜಿನ ಮೇಲೆ ಬಾಗಿ ಬರೆಯುತ್ತಿದ್ದಾಳೆ. ಪಕ್ಕದಲ್ಲಿ ಬಣ್ಣದ ಬಟ್ಟಲು, ಮಡಿಚಿದ ಹಾಳೆ. ಕೆಳಗೆ ಹಸಿರೆಲೆ.